ನಾಲ್ಕು ಕಿಲೋ ಇನ್ನೂರು ಗ್ರಾಂ

ತೂಕದ ಮಾತು ಬಂದರೆ ನಮ್ಮ ತಕ್ಕಡಿ ಸಾಹೇಬರು ಹೆತ್ತ ತಾಯಿಯನ್ನೂ ನಂಬುವವರಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿದವರು. ಪರೀಕ್ಷೆಯೆಂದರೆ ಅದೇನು ಸಾಮಾನ್ಯವೇ? ಮಖಮಲ್ಲಿನ ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಚಿಮಟದಲ್ಲಿ ಎತ್ತಿ ತಟ್ಟೆಯ ಮೇಲಿಟ್ಟು, ಸೊಂಟ ಬಗ್ಗಿಸಿ, ಮುಳ್ಳಿನ ಮಟ್ಟಕ್ಕೆ ಮೂಗು ತಂದು, ಎಡಗಣ್ಣು ಮುಚ್ಚಿ, ಉಸಿರು ಹಿಡಿದು ಪೂರ್ತಿ ಒಂದು ನಿಮಿಷ ನೋಡಬೇಕು. ಆ ಒಂದು ನಿಮಿಷ ಪಕ್ಕದಲ್ಲಿ ಸಿಡಿಲು ಬಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಈ ಒಂದು ನಿಮಿಷವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನರ್ಥವೆಲ್ಲ ನಡೆಯುವುದು ಅದರೊಳಗೇ.

ಮನೆಯಲ್ಲೂ ಅದೇ ಕಥೆ. ಟೀ ಸೊಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕು ಎಂದು ಹೆಂಡತಿಗೆ ಹೇಳಿಕೊಟ್ಟಿದ್ದರು. ಹೆಂಡತಿ ಹೂಂ ಅನ್ನುತ್ತಿದ್ದಳು, ಕೈಯಳತೆಯಲ್ಲೇ ಹಾಕುತ್ತಿದ್ದಳು. ಕುಡಿದು, "ನೋಡಿದ್ಯಾ, ತೂಕ ಸರಿಯಾಗಿದ್ರೆ ರುಚಿ ತಾನಾಗೇ ಬರುತ್ತೆ" ಎಂದು ಸಾಹೇಬರು ಹೆಮ್ಮೆಪಡುತ್ತಿದ್ದರು.

ಇಂಥವರ ಮನೆಗೆ ಅತ್ತೆಯ ನಾಯಿ ಬಂತು. ಹೆಸರು ಚಿಟಿಕೆ. ಬಿಳಿ ಬಣ್ಣ, ಮೊಲದಷ್ಟು ಗಾತ್ರ, ಮಹಾರಾಣಿಯ ಠೀವಿ. ಅತ್ತೆಯ ಮಂಡಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಇಪ್ಪತ್ತೊಂದು ದಿನ ಹಿರಿಮಗಳ ಊರಿನಲ್ಲಿ ಇರಬೇಕಿತ್ತು. ಹಿರಿಯ ಅಳಿಯ, ಅಂದರೆ ಸಾಹೇಬರ ಷಡ್ಡಕ, ಹಿಂದೊಮ್ಮೆ ಮೂರು ದಿನ ಚಿಟಿಕೆಯನ್ನು ಇಟ್ಟುಕೊಂಡು ಸೋತು ಕೈ ಮುಗಿದಿದ್ದ.

"ಅದಕ್ಕೆ ತಿನ್ನಿಸೋದು ಅಂದ್ರೆ ಹುಡುಗಾಟ ಅಲ್ಲ, ಷಡ್ಡಕರೇ," ಎಂದ ಆತ, ಕಾರಿನ ಬಾಗಿಲು ತೆಗೆಯುತ್ತ. "ಮೂರೇ ದಿನಕ್ಕೆ ಕಡ್ಡಿ ಆಗಿಹೋಯ್ತು."

"ಅಳತೆ ಗೊತ್ತಿಲ್ಲದೋರ ಕೈಗೆ ಕೊಟ್ರೆ ಹಾಗೇ ಆಗೋದು," ಎಂದರು ಸಾಹೇಬರು. "ನಾಯಿಗೆ ಊಟ ಹಾಕೋದೇನು ಬ್ರಹ್ಮವಿದ್ಯೆಯೇ? ಸಮತೋಲನ ಆಹಾರ, ಸರಿಯಾದ ತೂಕ. ಮುಗೀತು."

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಮದುವೆಯಾಗಿ ಹದಿನೈದು ವರ್ಷವಾದರೂ ಅತ್ತೆ ಒಮ್ಮೆಯೂ ಅವರನ್ನು ಹೊಗಳಿದ್ದಿಲ್ಲ. "ನಮ್ಮ ಚಿಕ್ಕಳಿಯ ಪಾಪ, ಬೇರೆಯೋರ ತಕ್ಕಡಿ ನೋಡ್ಕೊಂಡು ಓಡಾಡ್ತಾರೆ" ಎಂದಷ್ಟೇ ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದರು. ಆ ಹೊಗಳಿಕೆಗಾಗಿ ಸಾಹೇಬರ ಜೀವ ಒಳಗೊಳಗೇ ಹಾತೊರೆಯುತ್ತಿತ್ತು. ಹಾಗಾಗಿ ಚಿಟಿಕೆಯನ್ನು ಮೇಜಿನ ತಕ್ಕಡಿಯ ಮೇಲೆ ಕೂರಿಸಿ, ಒಂದು ನಿಮಿಷ ನೋಡಿ, ಕಾಗದ ತೆಗೆದು ಬರೆದೇಬಿಟ್ಟರು: "ಹೆಣ್ಣು ನಾಯಿ ಒಂದು. ನಿವ್ವಳ ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ. ಇಪ್ಪತ್ತೊಂದು ದಿನಗಳ ನಂತರ ಇದೇ ತೂಕದಲ್ಲಿ ಹಿಂತಿರುಗಿಸಲಾಗುವುದು. ವ್ಯತ್ಯಾಸ ಐವತ್ತು ಗ್ರಾಂ ಮೀರತಕ್ಕದ್ದಲ್ಲ." ಕೆಳಗೆ ರುಜು. ಷಡ್ಡಕ ಅದನ್ನು ನಾಲ್ಕಾಗಿ ಮಡಿಸಿ ಜೋಪಾನವಾಗಿ ಜೇಬಿಗಿಟ್ಟುಕೊಂಡ.

ಹೊರಡುವಾಗ ಅತ್ತೆ ನಾಯಿಯ ತಲೆ ಸವರಿದರು. ಮಾವ ಹೋದಮೇಲೆ ಆ ಮನೆಯಲ್ಲಿ ಅವರಿಗಿದ್ದ ಜೊತೆ ಅದೊಂದೇ. "ಅಳಿಯಂದ್ರೇ, ಹೊತ್ತು ಹೊತ್ತಿಗೆ ಫೋನ್ ಮಾಡ್ತೀನಿ. ಅದು ಉಂಡಿದೆ ಅಂದ್ರೆ ನಾನು ಉಣ್ತೀನಿ. ಇಲ್ಲ ಅಂದ್ರೆ ನನಗೂ ಅನ್ನ ಇಳಿಯಲ್ಲ," ಎಂದರು. ಅತ್ತೆ ಹೇಳಿದರೆ ಮಾಡುವವರು.

ಪಶುವೈದ್ಯೆ ಪಟ್ಟಿ ಬರೆದುಕೊಟ್ಟಿದ್ದರು. ಬೇಯಿಸಿದ ಕೋಳಿಮಾಂಸ ಇಷ್ಟು, ಅನ್ನ ಇಷ್ಟು, ಕ್ಯಾರೆಟ್ ಇಷ್ಟು, ಮೊಟ್ಟೆ ಅರ್ಧ, ಮೊಸರು ಒಂದು ಚಮಚ. ಸಾಹೇಬರು ಅಳೆದೂ ಸುರಿದೂ ತಟ್ಟೆ ಸಿದ್ಧಮಾಡಿದರು. ಚಿಟಿಕೆ ಬಂದಳು, ತಟ್ಟೆಯ ಸುತ್ತ ಪ್ರದಕ್ಷಿಣೆ ಹಾಕಿದಳು, ಒಂದು ಕ್ಯಾರೆಟ್ ಚೂರನ್ನು ತುಟಿಯ ತುದಿಯಿಂದ ಎತ್ತಿ ಸಾಹೇಬರ ಚಪ್ಪಲಿಯೊಳಗೆ ಇಟ್ಟಳು. ಆಮೇಲೆ ತಟ್ಟೆಗೆ ಬೆನ್ನು ತಿರುಗಿಸಿ ಕೂತಳು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಉಂಡ್ಳಾ?"

ಸಾಹೇಬರು ತಟ್ಟೆ ನೋಡಿದರು, ಚಪ್ಪಲಿ ನೋಡಿದರು. ಆಸ್ಪತ್ರೆಯ ಹಾಸಿಗೆಯ ಮೇಲೆ ತಟ್ಟೆ ಹಿಡಿದು ಕಾದಿರುವ ಅತ್ತೆ ಕಣ್ಣಮುಂದೆ ಬಂದರು. ಇಪ್ಪತ್ತೆರಡು ವರ್ಷ ಒಂದು ಗ್ರಾಂ ಸುಳ್ಳು ಹೇಳದ ಬಾಯಿ ತೆರೆಯಿತು. "ಉಂಡ್ಳು ಅತ್ತೆ. ತಟ್ಟೆ ನೆಕ್ಕಿಬಿಟ್ಳು."

"ಹಾಗಾದ್ರೆ ನಾನೂ ಉಣ್ತೀನಪ್ಪಾ," ಎಂದಿತು ಆ ಕಡೆಯ ದನಿ.

ಫೋನ್ ಇಟ್ಟವರೇ ಸಾಹೇಬರು ಒಂದು ನೋಟ್‌ಬುಕ್ ತೆಗೆದು ಬರೆದರು: "ದಿನ ಒಂದು. ತಿಂದದ್ದು: ಸೊನ್ನೆ." ಬಾಯಲ್ಲಿ ಸುಳ್ಳಾಡಬಹುದು, ಬರಹದಲ್ಲಿ ಸುಳ್ಳಾಡುವಷ್ಟು ಅವರು ಕೆಟ್ಟಿರಲಿಲ್ಲ.

ಮೂರನೆಯ ದಿನ ಸಾಹೇಬರು ಸ್ವತಃ ಮಾದರಿಯಾಗಲು ನಿಶ್ಚಯಿಸಿದರು. ಮಂಡಿಯೂರಿ, ಅಂಗೈ ನೆಲಕ್ಕೂರಿ, ತಟ್ಟೆಗೆ ಮೂಗು ಹಚ್ಚಿ, "ಆಹಾ! ಏನು ಪರಿಮಳ!" ಎಂದು ಜೋರಾಗಿ ಮೂಸಿದರು. ಒಂದು ಕ್ಯಾರೆಟ್ ಬಾಯಲ್ಲೇ ಎತ್ತಿದರು. ಚಿಟಿಕೆ ಕರುಣೆಯಿಂದ ನೋಡುತ್ತಿದ್ದಳು. ಅದೇ ಹೊತ್ತಿಗೆ ಹೊಲಿದ ಅಂಗಿ ಕೊಡಲು ಬಂದ ಬೀದಿಯ ದರ್ಜಿ ಬಾಗಿಲಲ್ಲಿ ನಿಂತಿದ್ದ. ಅವನು ಅಂಗಿಯನ್ನು ಕುರ್ಚಿಯ ಮೇಲಿಟ್ಟು, ಸದ್ದಿಲ್ಲದೆ ಹಿಂದೆ ಹೆಜ್ಜೆ ಹಾಕಿ ಹೊರಟುಹೋದ.

"ರೀ, ಎದ್ದೇಳಿ," ಎಂದಳು ಹೆಂಡತಿ. "ನಾಯಿ ಉಣ್ಣದಿದ್ರೆ ಒಂದು ಚಿಂತೆ. ನೀವು ಹೀಗೆ ಉಂಡ್ರೆ ಎರಡು."

ಐದನೆಯ ದಿನ ತೂಕ ನಾಲ್ಕು ಕಿಲೋ ಐವತ್ತಕ್ಕೆ ಇಳಿಯಿತು. ಆದರೆ ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬುದು ಅವರ ಇಲಾಖೆಯ ಧರ್ಮ. ಮನೆಯ ತಕ್ಕಡಿಯೇ ತಪ್ಪಿರಬಹುದಲ್ಲ? ಇನ್ನೊಂದು ತಕ್ಕಡಿಯಲ್ಲಿ ತೂಗಿ ನೋಡಬೇಕು. ಕಚೇರಿಯ ದೊಡ್ಡ ತಕ್ಕಡಿಯಲ್ಲಿ ಖಾಸಗಿ ವಸ್ತು ತೂಗಬಾರದೆಂದು ಫಲಕ ಬರೆಸಿದವರು ಅವರೇ. ಸರಿ, ನಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯ ತಿರುವಿನ ದಿನಸಿ ಅಂಗಡಿಗೆ ಹೋದರು.

ದಿನಸಿಯವನ ಮುಖ ಬಿಳಿಚಿಕೊಂಡಿತು. "ಸಾಹೇಬ್ರೇ, ಇವತ್ತು ಪರೀಕ್ಷೆ ದಿನ ಅಲ್ವಲ್ಲ?"

"ಪರೀಕ್ಷೆ ಅಲ್ಲ ಮಾರಾಯ. ಇವಳನ್ನ ಸ್ವಲ್ಪ ನಿನ್ನ ತಕ್ಕಡಿ ಮೇಲೆ ಕೂರಿಸ್ಬೇಕು, ಅಷ್ಟೇ."

ಕೂರಿಸಿದ್ದೇ ತಡ, ಚಿಟಿಕೆ ಮೂಗರಳಿಸಿದಳು. ತಟ್ಟೆಯ ಅಂಚಿನಿಂದ ಕೆಳಕ್ಕೆ ಜೋತುಬಿದ್ದು ಅಡಿಭಾಗವನ್ನು ನೆಕ್ಕತೊಡಗಿದಳು. "ಏನಮ್ಮಾ ಅಲ್ಲಿ?" ಎಂದು ಸಾಹೇಬರು ಸಹಜವಾಗಿ ಕೇಳಿದರು. ಚಿಟಿಕೆ ತಲೆಯೆತ್ತಿದಾಗ ಬಾಯಲ್ಲಿ ಒಂದು ಜೇನುಮೇಣದ ಉಂಡೆಯಿತ್ತು. ಗಿರಾಕಿಗಳ ಸಾಮಾನು ಹೆಚ್ಚು ತೂಗಲೆಂದು ದಿನಸಿಯವನು ಅಲ್ಲಿ ಅಂಟಿಸಿಟ್ಟಿದ್ದ ಉಂಡೆ ಅದು.

ದಿನಸಿಯವನು ಗಲ್ಲಾಪೆಟ್ಟಿಗೆ ದಾಟಿ ಬಂದು ಕಾಲಿಗೆ ಬಿದ್ದ. "ನಾನೇ ಒಪ್ಕೋತೀನಿ ಸ್ವಾಮಿ! ನಾಯಿ ಬಾಯಲ್ಲಿ ಹೇಳಿಸ್ಬೇಡಿ!"

ಸಾಹೇಬರು ಕೇಸು ಬರೆದರು, ಉಂಡೆಯನ್ನು ಮುಟ್ಟುಗೋಲು ಹಾಕಿಕೊಂಡರು. ಇಷ್ಟೆಲ್ಲ ಆದರೂ ನಾಯಿಯ ತೂಕ ಮಾತ್ರ ಗೊತ್ತಾಗಲಿಲ್ಲ. ಇನ್ನೊಂದು ಅಂಗಡಿಗೆ ಹೋಗಲೇಬೇಕಾಯಿತು; ಉಂಡೆ ಕಂಡಮೇಲೆ ದಿನಾ ಬೀದಿಯ ಎಲ್ಲ ತಕ್ಕಡಿಗಳನ್ನೂ ಪರೀಕ್ಷಿಸಲೇಬೇಕಾಯಿತು.

ಅಷ್ಟು ಹೊತ್ತಿಗೆ ದರ್ಜಿಯ ಅಂಗಡಿಯಲ್ಲಿ ಬೀದಿಯ ವ್ಯಾಪಾರಿಗಳ ಸಭೆ ಸೇರಿತ್ತು. "ನಾನು ಕಣ್ಣಾರೆ ನೋಡಿದೀನಿ," ಎಂದು ದರ್ಜಿ ಟೇಪನ್ನು ಕೊರಳಿಗೆ ಸುತ್ತಿಕೊಂಡ. "ಸಾಹೇಬ್ರು ಮನೇಲಿ ನಾಲ್ಕು ಕಾಲಲ್ಲಿ ನಿಂತು ಅದಕ್ಕೆ ವಾಸನೆ ಹಿಡಿಯೋ ಟ್ರೈನಿಂಗ್ ಕೊಡ್ತಿದ್ರು. ಹತ್ತು ಗ್ರಾಂ ಕಮ್ಮಿ ಇದ್ರೆ ಬಲಗಿವಿ ಎತ್ತುತ್ತಂತೆ. ಇಪ್ಪತ್ತಾದ್ರೆ ಎಡಗಿವಿ."

"ಎರಡೂ ಎತ್ತಿದ್ರೆ?" ಕೇಳಿದ ಬೇಕರಿಯವನು, ಹಣೆ ಒರೆಸಿಕೊಳ್ಳುತ್ತ.

"ಅಂಗಡಿಗೇ ಬೀಗ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ಹೆಗಲು ಮುಟ್ಟಿಕೊಳ್ಳದವರು ಯಾರೂ ಇರಲಿಲ್ಲ. "ಸಾಹೇಬ್ರು ನಮ್ಮಲ್ಲಿ ಒಂದು ಲೋಟ ನೀರೂ ಮುಟ್ಟೋರಲ್ಲ," ಎಂದಳು ತರಕಾರಿಯಮ್ಮ ನಿಧಾನವಾಗಿ. "ನಾಯಿ ಮುಟ್ಟುತ್ತೋ ಏನೋ ನೋಡೋಣ."

ನಾಯಿ ಮುಟ್ಟಿತು. ಸಾಹೇಬರು ಮಾಂಸದಂಗಡಿಯ ತಕ್ಕಡಿಗೆ ಬಟ್ಟು ಹಾಕಿ, ಸೊಂಟ ಬಗ್ಗಿಸಿ, ಎಡಗಣ್ಣು ಮುಚ್ಚಿ ಉಸಿರು ಹಿಡಿದರೆ, ಕೆಳಗೆ ಮಾಂಸದಂಗಡಿಯವನ ಕೈಯಿಂದ ಒಂದು ಹಿಡಿ ಕೋಳಿಮಾಂಸ ಚಿಟಿಕೆಯ ಹೊಟ್ಟೆ ಸೇರುತ್ತಿತ್ತು. ಡೈರಿಯವನ ಹತ್ತಿರ ಒಂದು ನಿಮಿಷ, ಅಂಗೈಯಲ್ಲಿ ಮೊಸರು. ಮೊಟ್ಟೆಯವಳ ಹತ್ತಿರ ಒಂದು ನಿಮಿಷ, ಬೆಂದ ಮೊಟ್ಟೆ. ಮನೆಯಲ್ಲಿ ಕ್ಯಾರೆಟ್ಟನ್ನು ಚಪ್ಪಲಿಗೆ ಹಾಕಿದ ಅದೇ ನಾಯಿ ತರಕಾರಿಯಮ್ಮನ ಕೈಯಿಂದ ಕಟುಮ್ ಕುಟುಮ್ ಎಂದು ಕ್ಯಾರೆಟ್ ಅಗಿಯಿತು. ಬೇಕರಿಯವನಂತೂ ಭಯದ ಪ್ರಮಾಣಕ್ಕೆ ತಕ್ಕಂತೆ ಬನ್ನು ಕೊಟ್ಟ. ಅವನ ಭಯ ದೊಡ್ಡದಿತ್ತು.

ಏಳನೆಯ ದಿನ ನೋಟ್‌ಬುಕ್ಕಿನಲ್ಲಿ ಹೀಗಿತ್ತು: "ತಿಂದದ್ದು: ಸೊನ್ನೆ. ತೂಕ: ನಾಲ್ಕು ಕಿಲೋ ಇನ್ನೂರು." ಸಾಹೇಬರು ಕಣ್ಣುಜ್ಜಿಕೊಂಡರು. ಒಂಬತ್ತನೆಯ ದಿನ: "ತಿಂದದ್ದು: ಸೊನ್ನೆ. ತೂಕ: ನಾಲ್ಕು ಕಿಲೋ ಮುನ್ನೂರ ಐವತ್ತು."

"ಏನೂ ತಿನ್ನದೆ ತೂಕ ಏರೋ ಪ್ರಾಣಿ ಪ್ರಪಂಚದಲ್ಲಿದೆಯೇನೇ?" ಎಂದು ಹೆಂಡತಿಯನ್ನು ಕೇಳಿದರು.

"ನಾನೇ ಇದೀನಲ್ಲ. ನನ್ನ ಮಾತು ಯಾರು ನಂಬ್ತಾರೆ?"

ತಕ್ಕಡಿಯ ಮೇಲಿನ ನಂಬಿಕೆ ಅಲ್ಲಾಡಿತು. ಮನೆಯ ತಕ್ಕಡಿಯನ್ನು ಬಟ್ಟುಗಳಿಂದ ಮೂರು ಸಲ ಪರೀಕ್ಷಿಸಿದರು, ಕೂದಲೆಳೆಯಷ್ಟೂ ತಪ್ಪಿಲ್ಲ. ಬೀದಿಯ ತಕ್ಕಡಿಗಳೂ ಅಷ್ಟೇ, ಹೊಸ ಮದುಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಹಾಗಾದರೆ ತಪ್ಪಿದ್ದು ನಾಯಿ. ತೂಕ ಇಳಿಸಬೇಕು. ಆದರೆ ಏನೂ ತಿನ್ನದ ನಾಯಿಗೆ ಊಟ ಕಡಿಮೆ ಮಾಡುವುದು ಹೇಗೆ? ಉಳಿದದ್ದು ಒಂದೇ ದಾರಿ, ನಡಿಗೆ. ದಿನಕ್ಕೆರಡು ಸಲ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಹೇಗೂ ದಾರಿಯಲ್ಲೇ ಇವೆಯಲ್ಲ ಎಂದು ಪ್ರತಿ ಅಂಗಡಿಯಲ್ಲೂ ಒಂದೊಂದು ನಿಮಿಷ ತಕ್ಕಡಿ ನೋಡಿದರು. ನಡೆದಷ್ಟೂ ಚಿಟಿಕೆ ಗುಂಡಗಾದಳು. ಅವಳಿಗೆ ಚೆಲ್ಲಾಟ, ಇವರಿಗೆ ಪ್ರಾಣಸಂಕಟ.

ಫೋನು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. "ಉಂಡ್ಳಾ?" "ಉಂಡ್ಳು ಅತ್ತೆ." "ನಿಮ್ಮ ಕೈಗುಣ ಚೆನ್ನಾಗಿದೆ ಬಿಡಿ." ಹದಿನೈದು ವರ್ಷ ಕಾದ ಹೊಗಳಿಕೆ ಕಡೆಗೂ ಬಂದಿತ್ತು, ಆದರೆ ಅದು ಕಳ್ಳತೂಕದ್ದು. ಸಾಹೇಬರಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಅವರೂ ಸರಿಯಾಗಿ ಊಟ ಮಾಡುವುದನ್ನು ಬಿಟ್ಟರು.

ಹದಿನೆಂಟನೆಯ ದಿನ ಮೇಲಧಿಕಾರಿ ಕರೆಸಿದರು. ಅವರು ಕನ್ನಡಕವನ್ನು ಹಣೆಗೇರಿಸಿ ಮಾತಾಡುವವರು. "ಏನ್ರೀ, ನಿಮ್ಮ ಬೀದಿಯಿಂದ ಎರಡು ವಾರದಿಂದ ಒಂದೂ ದೂರಿಲ್ಲ. ಜನ ಬಂದು ತೂಕ ಹೆಚ್ಚು ಬರ್ತಿದೆ ಅಂತಿದ್ದಾರೆ! ಇಲಾಖೆ ನಾಯಿ ಇಟ್ಟಿದೆಯಂತೆ. ನನಗೇ ಗೊತ್ತಿಲ್ಲ! ಅದರ ನೇಮಕಾತಿ ಆದೇಶ ಎಲ್ಲಿ?"

"ಸಾರ್, ಅದು ನಮ್ಮತ್ತೇದು."

"ಅತ್ತೇದೋ ಮಾವಂದೋ! ಶನಿವಾರ ಹನ್ನೊಂದಕ್ಕೆ ನಾನೇ ಬರ್ತೀನಿ. ಬೀದಿಯಲ್ಲೇ ಪ್ರಾತ್ಯಕ್ಷಿಕೆ ಆಗ್ಲಿ."

ಶನಿವಾರ ಇಪ್ಪತ್ತೊಂದನೆಯ ದಿನ. ಸಂಜೆ ಅತ್ತೆ ಬರುವವರಿದ್ದರು.

ಶನಿವಾರ ಬೀದಿಯ ನಡುವೆ ಮೇಜು ಹಾಕಿ ಐದು ತಕ್ಕಡಿ ಇಟ್ಟರು. ಒಂದರ ಅಡಿಗೆ ಮೇಲಧಿಕಾರಿ ಗುಟ್ಟಾಗಿ ಒಂದು ನಾಣ್ಯ ಅಂಟಿಸಿದ್ದರು. ಅಂಟಿಸಲು ಬೇರೇನೂ ಸಿಗದೆ, ಕಚೇರಿಯ ಕಪಾಟಿನಲ್ಲಿದ್ದ ಮುಟ್ಟುಗೋಲಿನ ಮೇಣದುಂಡೆಯಿಂದಲೇ ಒಂದು ಚೂರು ತೆಗೆದಿದ್ದರು. ಅಂಗಡಿಯವರೆಲ್ಲ ಕೈ ಬೆನ್ನಹಿಂದೆ ಕಟ್ಟಿ ಸಾಲಾಗಿ ನಿಂತರು.

"ಹೂಂ, ಬಿಡಿ," ಎಂದರು ಮೇಲಧಿಕಾರಿ.

ಚಿಟಿಕೆ ಮೇಜಿನತ್ತ ತಿರುಗಿಯೂ ನೋಡಲಿಲ್ಲ. ನೇರವಾಗಿ ಮಾಂಸದಂಗಡಿಯವನ ಮುಂದೆ ಹೋಗಿ ಎರಡು ಕಾಲ ಮೇಲೆ ನಿಂತಳು. ಆಮೇಲೆ ಡೈರಿಯವನು. ಆಮೇಲೆ ಮೊಟ್ಟೆಯವಳು. ಬೇಕರಿಯವನ ಮುಂದೆ ನಿಂತು ಬಾಲವಾಡಿಸಿ ಬೊಗಳಿದಳು.

"ಅಬ್ಬಬ್ಬಾ! ಇವರೆಲ್ಲ ಕಳ್ಳರೇನ್ರೀ?" ಮೇಲಧಿಕಾರಿಯ ಕನ್ನಡಕ ಹಣೆಯಿಂದ ಜಾರಿತು. ಬೇಕರಿಯವನು ಅಲ್ಲೇ ಕುಸಿದು ಕೂತ.

ಅದೇ ಗಳಿಗೆಗೆ ಕಾರು ಬಂದು ನಿಂತಿತು. ಸಂಜೆಯವರೆಗೆ ತಡೆಯಲಾಗದೆ ಅತ್ತೆ ಬೆಳಿಗ್ಗೆಯೇ ಹೊರಟುಬಿಟ್ಟಿದ್ದರು. ಊರುಗೋಲು ಹಿಡಿದು ಇಳಿದು, "ಚಿಟಿಕೇ!" ಎಂದು ಕೂಗಿದರು. ಉರುಳುತ್ತ ಬಂದ ನಾಯಿಯನ್ನು ಎತ್ತಲು ಹೋಗಿ ತಡವರಿಸಿದರು. "ಅಯ್ಯೋ ದೇವರೇ, ನಾನು ಬಿಟ್ಟುಹೋಗಿದ್ದು ನಾಯೀನ. ಇದೇನಿದು, ದಿಂಬು!"

ಷಡ್ಡಕ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಮುಖದ ತುಂಬ ನಗು. "ನಾಲ್ಕು ಕಿಲೋ ಇನ್ನೂರು, ಷಡ್ಡಕರೇ. ರುಜು ನಿಮ್ಮದೇ. ತೂಕ ಹಾಕಿ, ತಕ್ಕಡಿಗಳು ಇಲ್ಲೇ ಇವೆಯಲ್ಲ."

ಬೀದಿಯೆಲ್ಲ ನೋಡುತ್ತಿತ್ತು. ಸಾಹೇಬರು ಚಿಟಿಕೆಯನ್ನು ನಡುವಿನ ತಕ್ಕಡಿಯ ಮೇಲೆ ಕೂರಿಸಿದರು. ಸೊಂಟ ಬಗ್ಗಿಸಿ, ಎಡಗಣ್ಣು ಮುಚ್ಚಿ ಒಂದು ನಿಮಿಷ ನೋಡಿದರು. ಬೇಕಿದ್ದರೆ ಒಂದು ಸುಳ್ಳು ಹೇಳಬಹುದಿತ್ತು; ಆ ಮುಳ್ಳು ಓದಲು ಅಲ್ಲಿ ಬೇರೆ ಯಾರಿಗೂ ಧೈರ್ಯವಿರಲಿಲ್ಲ. "ನಾಲ್ಕು ಕಿಲೋ ಒಂಬೈನೂರ ಐವತ್ತು," ಎಂದರು ಗಟ್ಟಿಯಾಗಿ.

"ಅಷ್ಟೊಂದು ಏನು ತಿನ್ನಿಸಿದ್ರಿ ಅಳಿಯಂದ್ರೇ?"

"ಏನೂ ಇಲ್ಲ ಅತ್ತೆ. ನಮ್ಮ ಮನೇಲಿ ಅದು ಒಂದು ಅಗುಳೂ ತಿಂದಿಲ್ಲ. ದಿನಾ ನಿಮಗೆ ಸುಳ್ಳು ಹೇಳ್ದೆ." ಸಾಹೇಬರು ನೋಟ್‌ಬುಕ್ ತೆಗೆದು ಅವರ ಕೈಗಿಟ್ಟರು. ಅತ್ತೆ ಪುಟ ತಿರುವಿದರು. ಸೊನ್ನೆ, ಸೊನ್ನೆ, ಸೊನ್ನೆ. ಇಪ್ಪತ್ತೊಂದು ಸೊನ್ನೆ.

"ಯಾಕೆ ಹೇಳಿದ್ರಿ ಸುಳ್ಳು?"

"ಇಲ್ಲ ಅಂದಿದ್ರೆ ನೀವು ಉಣ್ತಿರಲಿಲ್ವಲ್ಲ."

ಆಗ ತರಕಾರಿಯಮ್ಮನಿಗೆ ತಡೆಯಲಾಗಲಿಲ್ಲ. "ತಿಂದಿಲ್ಲ ಅಂದ್ರೆ ಹೇಗೆ ಸಾಹೇಬ್ರೇ? ನನ್ನ ಹತ್ರ ದಿನಾ ಎರಡು ಕ್ಯಾರೆಟ್ ತಿಂತಿತ್ತಲ್ಲ!"

"ನನ್ನ ಹತ್ರ ಕೋಳಿ," ಎಂದ ಮಾಂಸದಂಗಡಿಯವನು.

"ಮೊಸರು." "ಮೊಟ್ಟೆ." ಒಬ್ಬೊಬ್ಬರಾಗಿ ಬೆನ್ನಹಿಂದಿನ ಕೈಗಳು ಮುಂದೆ ಬಂದವು. ಪ್ರತಿ ಕೈಯಲ್ಲೂ ಆ ದಿನದ ಪಾಲು ಸಿದ್ಧವಾಗಿತ್ತು.

ಸಾಹೇಬರು ಬೆಪ್ಪಾಗಿ ಜೇಬಿನಿಂದ ಪಶುವೈದ್ಯೆಯ ಪಟ್ಟಿ ತೆಗೆದು ಒಂದೊಂದೇ ಗುರುತು ಹಾಕಿದರು. ಕೋಳಿ, ಕ್ಯಾರೆಟ್, ಮೊಸರು, ಮೊಟ್ಟೆ. ಅನ್ನವೊಂದು ಬಿಟ್ಟು ಸಮತೋಲನ ಆಹಾರವೆಲ್ಲ ಬೀದಿಯ ಉದ್ದಕ್ಕೂ ಹರಡಿಕೊಂಡಿತ್ತು. "ಹಾಗಾದ್ರೆ ಆ ಹೆಚ್ಚಿನ ಏಳುನೂರ ಐವತ್ತು ಗ್ರಾಂ?"

ಎಲ್ಲರೂ ಬೇಕರಿಯವನ ಕಡೆ ತಿರುಗಿದರು. "ಬನ್ನು," ಎಂದ ಅವನು ನೆಲ ನೋಡುತ್ತ. "ನನಗೆ ಭಯ ಜಾಸ್ತಿ ಸ್ವಾಮಿ."

ಅತ್ತೆಗೆ ನಗು ಉಕ್ಕಿತು. ನಕ್ಕು ನಕ್ಕು ಊರುಗೋಲು ಕೈತಪ್ಪಿತು. "ಅಳಿಯಂದ್ರೇ, ಒಂದು ಮಾತು ಹೇಳ್ಲಾ? ನಮ್ಮ ಮನೇಲೂ ಅದು ತಟ್ಟೆ ಮುಟ್ಟಿದ್ದಿಲ್ಲ. ದಿನಾ ಸಂಜೆ ನಾಲ್ಕು ಮನೆ ತಿರುಗಿಸ್ಕೊಂಡು ಬರ್ತಿದ್ದೆ. ಹೇಳಿದ್ರೆ ಮರ್ಯಾದೆ ಹೋಗುತ್ತೆ ಅಂತ ಸುಮ್ನಿದ್ದೆ."

"ಅತ್ತೇ! ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ ಷಡ್ಡಕ. "ಆ ಮೂರು ದಿನ ನಾನು ಅದರ ಮುಂದೆ ಹಾಡು ಹೇಳಿದ್ದೆ!"

"ಆದ್ರೂ ನೋಡಿ," ಎಂದರು ಅತ್ತೆ, ಕಣ್ಣೊರೆಸಿಕೊಂಡು. "ಇಪ್ಪತ್ತೊಂದು ದಿನ ನಾನು ಉಂಡಿದ್ದು ಈ ಪುಣ್ಯಾತ್ಮನ ಸುಳ್ಳು. ಬರಹದಲ್ಲಿ ಒಂದು ಗ್ರಾಂ ತಪ್ಪಿಲ್ಲ. ನಮ್ಮ ಚಿಕ್ಕಳಿಯ ಅಪರಂಜಿ." ಹೊಗಳಿಕೆ ಈಗ ಸರಿಯಾದ ತೂಕದಲ್ಲಿ ಬಂದಿತ್ತು.

"ಅಂದ್ರೆ ಇದು ಬರೀ ನಾಯಿ," ಎಂದರು ಮೇಲಧಿಕಾರಿ, ಪೆಚ್ಚುಮೋರೆ ಹಾಕಿಕೊಂಡು. ವ್ಯಾಪಾರಿಗಳ ಮುಖ ನಿಧಾನವಾಗಿ ಅರಳತೊಡಗಿತು. ಬರೀ ನಾಯಿಯೇ? ದಿನಸಿಯವನು ಆಗಲೇ ಮನಸ್ಸಿನಲ್ಲಿ ಹೊಸ ಉಂಡೆ ಕಟ್ಟುತ್ತಿದ್ದ.

ಆಗ ಮೇಜಿನ ಮೇಲಿದ್ದ ಚಿಟಿಕೆ ಮೂಗರಳಿಸಿದಳು. ಎದ್ದು ನಡೆದು ಕೊನೆಯ ತಕ್ಕಡಿಯ ಹತ್ತಿರ ನಿಂತಳು. ತಲೆ ಬಗ್ಗಿಸಿ ಅದರ ಅಡಿಭಾಗವನ್ನು ನೆಕ್ಕಿದಳು. ಟಣ್ ಎಂದು ನಾಣ್ಯ ಕೆಳಗೆ ಬಿತ್ತು. ಎರಡು ಕಿವಿಯೂ ನೆಟ್ಟಗೆ ನಿಂತಿದ್ದವು.

"ಬೀಗ!" ಎಂದ ದರ್ಜಿ, ಉಸಿರು ಸಿಕ್ಕಿಕೊಂಡು. ದಿನಸಿಯವನು ಕೈ ಮುಗಿದ.

ಹೀಗೆ ಆ ಬೀದಿಯ ತಕ್ಕಡಿಗಳು ಇವತ್ತಿಗೂ ನೆಟ್ಟಗಿವೆ. ಚಿಟಿಕೆಯ ತೂಕ ಮೊದಲಿನಂತಾಗುವವರೆಗೆ ಇಲ್ಲೇ ಇರುತ್ತೇನೆಂದು ಅತ್ತೆ ಉಳಿದುಕೊಂಡರು. ಮಂಡಿಗೆ ಒಳ್ಳೆಯದೆಂದು ದಿನಾ ಸಂಜೆ ಊರುಗೋಲು ಊರುತ್ತ ನಾಯಿಯ ಜೊತೆ ಬೀದಿ ಸುತ್ತುತ್ತಾರೆ. ಆ ನಾಯಿಗೆ ತರಬೇತಿ ಕೊಟ್ಟ ದೊಡ್ಡ ಅಧಿಕಾರಿ ಈ ಅಮ್ಮನೇ ಎಂದು ದರ್ಜಿ ಎಲ್ಲ ಅಂಗಡಿಗೂ ತಿಳಿಸಿದ್ದಾನೆ. ಬೇಕರಿಯ ಮುಂದೆ ಈಗ ಒಂದು ಕುರ್ಚಿ ಹಾಕಿರುತ್ತದೆ.

ಮನೆಯಲ್ಲಿ ಅತ್ತೆ ಎರಡು ತುತ್ತಿಗೇ ತಟ್ಟೆ ಸರಿಸಿ, "ಸಾಕಪ್ಪಾ, ಹಸಿವೇ ಇಲ್ಲ" ಎನ್ನುತ್ತಾರೆ. ಆದರೂ ಮಂಡಿಯ ಡಾಕ್ಟರು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಬೇಕೆಂದು ಹೇಳಿರುವುದರಿಂದ ಭಾನುವಾರ ಅಳಿಯ ಅದಕ್ಕೆಂದೇ ತಂದಿಟ್ಟ ದೊಡ್ಡ ತಕ್ಕಡಿಯ ಮೇಲೆ ನಿಲ್ಲುತ್ತಾರೆ.

ಮೊನ್ನೆಯ ಭಾನುವಾರ ಸಾಹೇಬರು ಸೊಂಟ ಬಗ್ಗಿಸಿ ಮುಳ್ಳು ನೋಡಿದರು. ಎರಡು ಕಿಲೋ ಹೆಚ್ಚಾಗಿತ್ತು. ಅತ್ತೆಯ ಸೆರಗಿನ ತುದಿಯಲ್ಲಿ ಬನ್ನಿನ ಪುಡಿ ಅಂಟಿಕೊಂಡಿತ್ತು.

"ಎಷ್ಟಿದೆ ಅಳಿಯಂದ್ರೇ?" ಎಂದು ಅತ್ತೆ ಸಣ್ಣ ದನಿಯಲ್ಲಿ ಕೇಳಿದರು.

ತಕ್ಕಡಿ ಸಾಹೇಬರು ಎಡಗಣ್ಣು ಮುಚ್ಚಿದರು. ಒಂದು ನಿಮಿಷ ಯೋಚಿಸಿ, ಬಲಗಣ್ಣನ್ನೂ ಮುಚ್ಚಿದರು. "ಸರಿಯಾಗಿದೆ ಅತ್ತೆ," ಎಂದರು.